ಮಾಮಾನನ್ನು ಒಲ್ಲೆನೆಂದು ಮರಾಠಿ ಕಲಿತವಳು

ಪಾಸಾದಳು! ನನ್ನ ಮಗಳ ಮಗಳು ಸೊಲ್ಲಾಪುರದಲ್ಲಿ, ಮರಾಠಿ ಭಾಷೆಯಲ್ಲಿ, ನರ್ಸ್ ಪರೀಕ್ಷೆ ಪಾಸಾಗಿ ಇವತ್ತು ಮಧ್ಯಾಹ್ನ ಕಮಲಾಪುರಕ್ಕೆ ಬಂದಿಳಿದಳು. ಓದಿ ಪಾಸಾದಳೆಂದು ತಿಳಿಯಬೇಡಿ. ಜಗಳ ಮಾಡಿ ಪಾಸಾದಳು! ಅದೂ ಪರೀಕ್ಷೆ ಮಾಡಲು ಕೂತಿದ್ದ ದೊಡ್ಡ ಡಾಕ್ಟರರ ಜೊತೆಯಲ್ಲೇ. ಸುಳ್ಳು ಅನ್ನುವವರು ಯಾರಾದರೂ ಇದ್ದರೆ ನಮ್ಮ ಮನೆಗೆ ಬನ್ನಿ. ಕಣಕ ಕಲಸಿ ಇಟ್ಟಿದ್ದೇನೆ, ಹೋಳಿಗೆ ತಿನ್ನುತ್ತ ಕೇಳಿ.

ನಾನು ಓದಿದವಳಲ್ಲ. ಮಠದ ಜಗಲಿಯ ಮೇಲೆ ಮರಳಿನಲ್ಲಿ ತಿದ್ದಿದ ಅಕ್ಷರ ಇಷ್ಟು ವರ್ಷ ಕಿರಾಣಿ ಪುಡಿಕೆಯ ಕಾಗದ ಓದುವುದಕ್ಕೆ ಮಾತ್ರ ಬಳಕೆಯಾಗಿತ್ತು. ಆದರೆ ಇವತ್ತು ಬರೆಯದಿದ್ದರೆ ಹೊಟ್ಟೆ ಒಡೆದು ಹೋಗುತ್ತದೆ!

ಈ ಹುಡುಗಿಯ ತಲೆಯಲ್ಲಿ ಚಿಕ್ಕಂದಿನಿಂದ ಒಂದು ಹುಳ ಕೂತಿದೆ. ಜಗಳ ಆಡಲು ಬಂದರೆ ಮಾತ್ರ ಆ ಭಾಷೆ ಬಂದಂತೆ!

“ಉಪ್ಪ ಕೊಡ್ರಿ, ನೀರ ಕೊಡ್ರಿ ಅನ್ನಾಕ ಭಾಷಾ ಯಾಕ ಬೇಕ ಆಯಿ? ಕೈಸನ್ನಿ ಸಾಕು” ಅನ್ನುತ್ತಿದ್ದಳು.

“ಜಗಳಾನೂ ಕೈಸನ್ನಿಲೆ ಆಡವಾ” ಅಂದೆ ಒಮ್ಮೆ.

“ಕೈಲೆ ಆಡಿದ್ರ ಅದಕ ಹೊಡೆದಾಟ ಅಂತಾರ!”

ಅವಳ ಅಪ್ಪ, ಎಂದರೆ ನನ್ನ ಅಳಿಯ, ಕಲಬುರ್ಗಿಯ ಗಂಜ್ ಪೇಟೆಯಲ್ಲಿ ಬೇಳೆ ಅಂಗಡಿಯ ಗುಮಾಸ್ತ. ಅಲ್ಲಿ ಶಾಲೆಯೆಲ್ಲ ಉರ್ದು. ಇವಳು ಉರ್ದು ಕಲಿತದ್ದು ಮಾಸ್ತರರಿಂದಲೇ? ಇಲ್ಲಪ್ಪ! ಗಂಜಿನ ಬಾಯಿಗೆ ಕೂತು ಸೀತಾಫಲ ಮಾರುವ ಮುದುಕಿ ಬೂಬಮ್ಮನಿಂದ. ದಿನಾ ಸಂಜೆ ಹೋಗಿ ಹಣ್ಣು ಹುಳುಕೆಂದು ಹೀಯಾಳಿಸುವುದು, ಉರ್ದುವಿನಲ್ಲಿ ಬೈಸಿಕೊಳ್ಳುವುದು, ತಿರುಗಿ ಬೈದು ಏನೂ ಕೊಳ್ಳದೆ ಮನೆಗೆ ಬರುವುದು. ಒಮ್ಮೆ ಇವಳು ಜ್ವರ ಬಂದು ಮಲಗಿದಾಗ ಬೂಬಮ್ಮನೇ ಮನೆ ಹುಡುಕಿಕೊಂಡು ಬಂದಳು. “ಛೋಕ್ರಿ ಕಾಂ ಹೈ ಮಾ, ಹುಡುಗಿ ಎಲ್ಲದಾಳ? ಆಕಿ ಬಂದು ಝಗಡಾ ಮಾಡಿದ್ರ ನಾಕ ಮಂದಿ ನಿಂತು ನೋಡ್ತಿದ್ರು, ಹಣ್ಣ ತಗೋತಿದ್ರು. ಈಗ ವ್ಯಾಪಾರನ ಇಲ್ಲ!” ಎಂದು ಒಂದು ಬುಟ್ಟಿ ಸೀತಾಫಲ ಇಟ್ಟು ಹೋದಳು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ನಮ್ಮಲ್ಲಿ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ರೂಢಿ. ಇವಳ ಸೋದರಮಾವ ಎಂದರೆ ನನ್ನ ಕಿರಿಯ ಮಗ. ಇಲ್ಲೇ ಕಮಲಾಪುರದಲ್ಲಿ ಕೆಂಪು ಬಾಳೆಯ ತೋಟ ನೋಡಿಕೊಂಡಿದ್ದಾನೆ. ಇವಳನ್ನು ತೊಟ್ಟಿಲಿಗೆ ಹಾಕಿದ ದಿನವೇ ಹಿರಿಯರು “ಇದು ನಿಂದು” ಎಂದು ಅವನಿಗೆ ಹೇಳಿ ಕೈ ತೊಳೆದುಕೊಂಡಿದ್ದರು. ಮೆಟ್ರಿಕ್ ಮುಗಿದ ಮೇಲೆ ದಿನ ನೋಡಲು ಕೂತರೆ ಈ ಮಹಾತಾಯಿ ನಡುಮನೆಗೆ ಬಂದು ನಿಂತಳು.

“ಮಾಮಾನ ಹೆಗಲ ಮ್ಯಾಲ ಕೂತು ನಾ ಮೂಗ ಸೋರಿಸೀನಿ. ಅವನ ಬಾಜೂಕ ಬಾಸಿಂಗ ಕಟ್ಕೊಂಡು ಹ್ಯಾಂಗ ಕೂಡ್ಲಿ? ನಾ ಒಲ್ಲೆ. ಸೊಲ್ಲಾಪುರಕ್ಕ ಹೋಗಿ ನರ್ಸ್ ಆಗ್ತೀನಿ.”

ಅಬ್ಬಬ್ಬಾ, ಆ ದಿನದ ಗದ್ದಲ! ಆಗ ಸೊಲ್ಲಾಪುರವೆಂದರೆ ಪರದೇಶವೇ ಸರಿ. ನಾವು ನಿಜಾಮರ ರಾಜ್ಯದವರು, ಅದು ಇಂಗ್ರೇಜಿಯವರ ಸೀಮೆ. ನಮ್ಮ ಹಾಲಿ ಸಿಕ್ಕಾ ರೂಪಾಯಿ ಅಲ್ಲಿ ನಡೆಯದು, ನಡುವೆ ಗಡಿಯ ನಾಕಾ ಬೇರೆ. ಅಳಿಯ ಸಿಟ್ಟಿನಲ್ಲಿ ಷರತ್ತು ಹಾಕಿದ. “ನಿನಗ ಮರಾಠಿ ಒಂದ ಅಕ್ಷರ ಬರಂಗಿಲ್ಲ. ಅಲ್ಲಿ ಪರೀಕ್ಷಾ ಮರಾಠ್ಯಾಗ. ಪಾಸಾದ್ರ ಈ ಮದುವಿ ಮಾತ ಎತ್ತಂಗಿಲ್ಲ. ಫೇಲಾದ್ರ ಮರುದಿನಾನ ಅರಿಷಿಣ!”

“ಆಗ್ಲಿ” ಅಂದಳು. ನಾನೂ “ಆಗ್ಲಿ” ಅಂದೆ. ನನಗೇನು? ಸೋತರೆ ಸೊಸೆ, ಗೆದ್ದರೆ ಮೊಮ್ಮಗಳು!

ನಮ್ಮ ಓಣಿಯ ಗೌಡರ ಹೆಂಡತಿ ಗೌಡಶಾನಿಗೆ ಮಾತ್ರ ತಡೆಯಲಿಲ್ಲ. “ನಿನ್ನ ಮಗಗ ಬರೋ ಹೆಣ್ಣ ನೀನ ಓಡಿಸಿದಿ ಅಲ್ಲೇನ ಯಕ್ಕಾ?”

“ಓಡಿಸ್ಲಿಲ್ಲವಾ, ಟಿಕೀಟ ತಗಿಸಿ ರೈಲಿಗಿ ಹತ್ತಿಸೀನಿ!”

ಅವಳನ್ನು ಕರೆದುಕೊಂಡು ಹೋಗಿ ಬಿಟ್ಟು ಬಂದವರು ಯಾರು ಗೊತ್ತೆ? ಅದೇ ಮಾಮಾ! ನನ್ನ ಮಗನ ಬಾಯಿಂದ ಮಾತು ಹೊರಡಿಸುವುದಕ್ಕಿಂತ ಬತ್ತಿದ ಬಾವಿಯಿಂದ ನೀರು ಸೇದುವುದು ಸುಲಭ. ಒಂದು ಬಾಳೆಗೊನೆ ಹೆಗಲಿಗೆ, ಅವಳ ಟ್ರಂಕು ಕೈಗೆ, ಹೊರಟ. ಅವನ ಮನಸ್ಸಿನಲ್ಲಿ ಏನಿತ್ತೋ, ಹೆತ್ತ ನನಗೂ ತಿಳಿಯಲಿಲ್ಲ.

ಸೊಲ್ಲಾಪುರದಲ್ಲಿ ಇವಳಿಗೆ ಸಿಕ್ಕ ಪಾಠಶಾಲೆ ಎಂದರೆ ಬೀದಿ ನಲ್ಲಿ. ಅಲ್ಲಿಯ ಹೆಂಗಸರು ಕೊಡ ಹಿಡಿದು ಜಗಳಕ್ಕೆ ನಿಂತರೆ ನಮ್ಮ ಗೌಡಶಾನಿ ಮೂಕಿ! ಪಾಳಿ ಬಂದರೆ ಜಗಳ ಮುಗಿದುಬಿಡುತ್ತದಲ್ಲ ಎಂದು ಇವಳು ಕೊಡ ತುಂಬಿಸದೆ ಮತ್ತೆ ಸಾಲಿನ ಹಿಂದೆ ಹೋಗಿ ನಿಲ್ಲುತ್ತಿದ್ದಳಂತೆ. ಒಂದು ದಿನ ಅವರು, ಊರು ಬಿಟ್ಟು ಯಾಕೆ ಬಂದೆ ಎಂದು ಕೇಳಿದರು. “ಮಾಮಾನ್ನ ಮದುವಿ ಆಗಾಕ ಒಲ್ಲೆ ಅಂತ ಬಂದೆ” ಎಂದು ಮರಾಠಿಯಲ್ಲಿ ಹೇಳಿದಳು. ಹೆಂಗಸರೆಲ್ಲ ಕೊಡ ಕೆಳಗಿಟ್ಟರು. ಅವರಲ್ಲಿ ಮಾಮಾನ ಮನೆಗೆ ಸಂಬಂಧ ಮಾಡಿದರೂ ಮಾಮಾ ಎಂದರೆ ತಂದೆಯ ಸಮಾನ. ಅವನನ್ನೇ ಮದುವೆಯಾಗುವುದೆಂದರೆ ಶಿವ ಶಿವಾ!

“ಮಾಮಾನ ಮಗ ಅನ್ನಬೇಕವಾ” ಎಂದು ತಿದ್ದಿದಳು ಒಬ್ಬಳು.

“ಮಗ ಅಲ್ಲ, ಮಾಮಾನ!”

“ಪಾಪ, ಕಾನಡಿ ಹುಡುಗಿ. ಇನ್ನೂ ಮಾತು ಬರೋದಿಲ್ಲ.”

ಅವರು ನಮ್ಮ ರೂಢಿಗೆ ನಕ್ಕಿದ್ದರೂ ಇವಳು ಬಿಡುತ್ತಿದ್ದಳೇನೋ, ತನ್ನ ಮರಾಠಿಯನ್ನು ಹಳಿದರೆ ಬಿಡುತ್ತಾಳೆಯೆ? ನಲ್ಲಿಯ ನೀರು ನಿಂತಿತು, ಇವಳ ಬಾಯಿ ನಿಲ್ಲಲಿಲ್ಲ.

ಆಮೇಲೆ ಗಡಿಬಿಡಿಯ ಕಾಲ ಬಂತು. ರಜಾಕಾರರ ಹಾವಳಿ, ಸಂಜೆಯಾದರೆ ದೂರದ ಹಳ್ಳಿಗಳ ಕಡೆ ಹೊಗೆ ಕಾಣುತ್ತಿತ್ತು. ರೈಲಿನ ನಂಬಿಕೆ ಇರಲಿಲ್ಲ. ಅಂಥದರಲ್ಲೂ ನನ್ನ ಮಗ ಜೋಳದ ಕಣಿಕೆ ತುಂಬಿದ ಬಂಡಿಯಲ್ಲಿ ರೊಟ್ಟಿ ಗಂಟು, ಬಾಳೆಹಣ್ಣು ಮುಚ್ಚಿಟ್ಟುಕೊಂಡು ಗಡಿ ದಾಟಿ ಹೋಗಿ ಬರುತ್ತಿದ್ದ. ನಾಕಾದವರು ಅರ್ಧ ಹಣ್ಣು ತಿನ್ನುತ್ತಿದ್ದರು. “ಆಕಿ ಆರಾಮ ಅದಾಳವಾ” ಎಂಬ ಒಂದು ಮಾತು ನನಗೆ. ಅದಕ್ಕೆ ಅಷ್ಟು ದಾರಿ!

ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ರಾಜ್ಯ ಹೋಯಿತು. ನಾಕಾ ಹೋಯಿತು. ಪರದೇಶಕ್ಕೆ ಓದಲು ಹೋದ ನಮ್ಮ ಹುಡುಗಿ ಓದು ಮುಗಿಸುವಷ್ಟರಲ್ಲಿ ಪರದೇಶವೇ ಇಲ್ಲದಂತಾಯಿತು! ಗೌಡಶಾನಿ ಮತ್ತೆ ಬಂದಳು. “ಪರದೇಶ ಪರದೇಶ ಅಂತಿದ್ದಿ. ಈಗ ಸೊಲ್ಲಾಪುರನೂ ನಮ್ಮ ದೇಶನ ಅಂತಲ್ಲ?”

“ಆಕಿ ಹೋದಾಗ ಪರದೇಶನ ಇತ್ತು! ನಮ್ಮ ಹುಡುಗಿ ಕಾಲಿಟ್ಟ ಮ್ಯಾಲ ನಿಮ್ಮದಾಗೇದ!” ಅಂದೆ. ಬಿಡುತ್ತೇನೆಯೆ?

ಮೊನ್ನೆ ಬಾಯಿಮಾತಿನ ಪರೀಕ್ಷೆ. ಬಿಳಿ ಮೀಸೆಯ ದೊಡ್ಡ ಡಾಕ್ಟರರು ಮೊದಲು ಕೇಳಿದ್ದೇ ಅದು: “ಈ ಕೆಲಸಕ್ಕೆ ಯಾಕೆ ಬಂದೆ?” ಇವಳು ಇದ್ದದ್ದು ಇದ್ದ ಹಾಗೆ ಹೇಳಿದಳು. ಡಾಕ್ಟರರು ನಕ್ಕು, “ಮಾಮಾನ ಮಗ ಅನ್ನು ತಾಯಿ. ಮಾತು ಸ್ಪಷ್ಟ ಇರದಿದ್ದರೆ ರೋಗಿಗಳ ಗತಿಯೇನು?” ಅಂದರು.

ಮುಗಿಯಿತು! ಎದ್ದು ನಿಂತಳಂತೆ. ಅಕ್ಕ ಯಾರು, ತಮ್ಮ ಯಾರು, ಯಾರ ಹೊಟ್ಟೆಯಲ್ಲಿ ಯಾರು ಹುಟ್ಟಿದರು, ಗಡಿಯ ಈಚೆ ಏನು ರೂಢಿ, ಆಚೆ ಏನು ರೂಢಿ, ಎಲ್ಲ ಮರಾಠಿಯಲ್ಲಿ. ಡಾಕ್ಟರರು “ಸಾಧ್ಯವಿಲ್ಲ” ಅನ್ನುವುದು, ಇವಳು “ನೀವು ನಮ್ಮೂರು ನೋಡಿಲ್ಲ” ಅನ್ನುವುದು! ಕೊನೆಗೆ ಬಾಗಿಲಿಗೆ ಓಡಿ, ಅವಳನ್ನು ಕರೆತರಲು ಹೋಗಿ ಹೊರಗೆ ಬಾಳೆಗೊನೆ ಹೊತ್ತು ನಿಂತಿದ್ದ ನನ್ನ ಮಗನ ಕೈ ಹಿಡಿದು ಎಳೆದುಕೊಂಡು ಬಂದು ನಿಲ್ಲಿಸಿದಳು. “ನೋಡ್ರಿ, ಇವನ ನಮ್ಮ ಮಾಮಾ! ಇವನ್ನ ಕೇಳ್ರಿ!”

ಡಾಕ್ಟರರು ಅವನಿಗೆ ಏನೋ ಕೇಳಿದರು. ಅವನು ಏನೋ ಹೇಳಿದ. ಅವರು ಅವನನ್ನೊಮ್ಮೆ ಇವಳನ್ನೊಮ್ಮೆ ನೋಡಿ, “ಇಷ್ಟು ಜಗಳ ಆಡಬಲ್ಲವಳಿಗೆ ಇನ್ನೇನು ಪರೀಕ್ಷೆ?” ಎಂದು ಪಾಸು ಮಾಡಿದರು.

ಕಥೆ ಇಲ್ಲಿಗೆ ಮುಗಿಯಿತು ಅಂದುಕೊಂಡು ಬರೆಯುವುದನ್ನು ನಿಲ್ಲಿಸಿದ್ದೆ. ಈಗ ಸಂಜೆ ಎಲ್ಲರೂ ಅಂಗಳದಲ್ಲಿ ಸಾಲಾಗಿ ಉಣ್ಣಲು ಕೂತಿದ್ದರು. ಅಳಿಯ, ಮಗಳು, ಕರೆಯದಿದ್ದರೂ ಬಂದ ಗೌಡಶಾನಿ, ಎಲ್ಲರೂ. ಎಣ್ಣೆಗಾಯಿ ಬಡಿಸುತ್ತ ಮಗನನ್ನು ಸುಮ್ಮನೆ ಕೇಳಿದೆ: “ಅಲ್ಲೋ, ನಿನಗ ಮರಾಠಿ ಎಲ್ಲಿ ಬರ್ತದ? ಡಾಕ್ಟರಗ ಏನಂದಿ?”

ಮಗ ತಾಟಿನಿಂದ ತಲೆ ಎತ್ತಲಿಲ್ಲ. ಮೊಮ್ಮಗಳೇ ಹೇಳಿದಳು, ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“‘ಹಿಲಾ ಪಾಸ್ ಕರಾ’ ಅಂದ ಆಯಿ. ಈಕೀನ್ನ ಪಾಸ್ ಮಾಡ್ರಿ ಅಂತ.”

“ಅವರ ಕೇಳಿದ್ದು ಏನ ಇತ್ತೋ ನನಗ ತಿಳೀಲಿಲ್ಲವಾ” ಅಂದ ಮಗ. “ರೈಲಿನಾಗ ಒಬ್ಬಾವನ್ನ ಕೇಳಿ ಅದೊಂದ ಮಾತ ಕಲ್ತಿದ್ದೆ. ಮರೀಬಾರದಂತ ದಾರಿತುಂಬ ಅನ್ಕೋಂತ ಹೋಗಿದ್ದೆ.”

ಎಲ್ಲರೂ ತಾಟಿನತ್ತ ಬಗ್ಗಿ ಉಣ್ಣತೊಡಗಿದರು. ಗೌಡಶಾನಿ ಕೂಡ!

ನಾನು ಅವನ ತಾಟಿಗೆ ಇನ್ನೊಂದು ಹೋಳಿಗೆ ಇಡಲು ಹೋದೆ. “ಸಾಕವಾ” ಎಂದು ಕೈ ಅಡ್ಡ ಹಿಡಿದ. ಮೊಮ್ಮಗಳು ನನ್ನ ಕೈಯಿಂದ ಹೋಳಿಗೆ ಕಿತ್ತುಕೊಂಡು, ಅವನ ಕೈ ಸರಿಸಿ, ತಾಟಿಗೆ ಹಾಕಿ, ಮೇಲೆ ತುಪ್ಪ ಸುರಿದು, ಕಣ್ಣು ಒರೆಸಿಕೊಳ್ಳುತ್ತ ಮರಾಠಿಯಲ್ಲಿ ಬಾಯಿಗೆ ಬಂದ ಹಾಗೆ ಬೈಯತೊಡಗಿದಳು. ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ನಗುತ್ತ ತಿಂದ.