ಗಾಜಿನ ಬಾಗಿಲು ಮತ್ತು ಮಾವನ ಮುಖ

ನನಗೆ ಯಂತ್ರಗಳ ಮೇಲೆ ದ್ವೇಷವೇನೂ ಇಲ್ಲ. ಮಿಕ್ಸಿಯನ್ನು ಕಂಡರೆ ಪ್ರೀತಿ, ಕಳೆ ಹೊಡೆಯುವ ಯಂತ್ರವನ್ನು ಕಂಡರೆ ಗೌರವ. ಆದರೆ ನನ್ನ ಮುಖ ನನ್ನದೇ ಹೌದೋ ಅಲ್ಲವೋ ಎಂದು ತೀರ್ಪು ಕೊಡಲು ಹೊರಟ ಯಂತ್ರದ ಮೇಲೆ ಬಂದ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಹುಟ್ಟಿದಾಗಿನಿಂದ ಹೊತ್ತು ತಿರುಗುತ್ತಿರುವ ಮುಖ ಸ್ವಾಮಿ. ಭಾರಿ ಬೆಲೆ ಬಾಳುವಂಥದ್ದಲ್ಲ, ಒಪ್ಪುತ್ತೇನೆ. ಆದರೂ ಕೆ. ಹೊಸಕೋಟೆ ಬಸ್ಸಿನ ಕಂಡಕ್ಟರು, ನಾನು ತಲೆಗೆ ಮಫ್ಲರ್ ಸುತ್ತಿ ಕಡೆಯ ಸೀಟಿನಲ್ಲಿ ಕಿಟಕಿಗೆ ತಿರುಗಿ ಕೂತಿದ್ದರೂ, “ಏನ್ಲಾ, ಇವತ್ತು ಯಾರ್ ದನಿ ತೆಗೀತೀಯಾ?” ಎಂದು ಬೆನ್ನು ನೋಡಿಯೇ ಗುರುತು ಹಿಡಿಯುತ್ತಾನೆ. ಟಿಕೆಟ್ ಹರಿಯುವ ಆ ಮನುಷ್ಯನಿಗೆ ಬಾರದ ಅನುಮಾನ ಅಷ್ಟು ದುಡ್ಡು ಸುರಿದು ಕಟ್ಟಿದ ವಿಮಾನ ನಿಲ್ದಾಣಕ್ಕೆ ಯಾಕೆ ಬರಬೇಕು?

ದನಿಯ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಬೇರೆಯವರ ದನಿ, ನಡಿಗೆ, ಮುಖ ಕದಿಯುವುದು ನನ್ನ ಕೆಲಸ. ಇದಕ್ಕೆ ಸಂಬಳವಿಲ್ಲ, ಆಗಾಗ ಬೈಗುಳವಿದೆ. ಆಲೂರಿನಿಂದ ಸಕಲೇಶಪುರದವರೆಗೆ ನಾನು ಬಿಟ್ಟವರು ಕಡಿಮೆ. ಮೈಕು ಕೈಗೆ ಬಂದ ಕೂಡಲೇ ಕೆಮ್ಮುವ ಸಂಘದ ಅಧ್ಯಕ್ಷರು, ಬೆಳಗ್ಗೆ ಆಳುಗಳ ಮೇಲೆ ಕೂಗಾಡಿ ಸಂಜೆ ಹೆಂಡತಿಯ ಮುಂದೆ ಪಿಸುಗುಟ್ಟುವ, ತೋಟದ ಲೆಕ್ಕ ಬರೆಯುವ ಎಸ್ಟೇಟ್ ರೈಟರು, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಯಿಲ್ಲದೆ ವಾಸವಾಗಿದ್ದಾರೆ. “ಫೋನ್ ಮಾಡ್ದಾಗ್ಲಾದ್ರೂ ನಿನ್ ದನೀಲಿ ಮಾತಾಡೋ” ಎಂದು ಅಮ್ಮ ಬೇಡಿಕೊಳ್ಳುತ್ತಾಳೆ. ಅದು ಯಾವುದೆಂದು ನೆನಪು ಮಾಡಿಕೊಳ್ಳಲು ನನಗೂ ಸ್ವಲ್ಪ ಹೊತ್ತು ಬೇಕು.

ಅಮ್ಮನ ಅಣ್ಣ, ಅಂದರೆ ನನ್ನ ಸೋದರಮಾವ, ಕಾಫಿ ಬೆಳೆಗಾರರು. ಆನೇಮಹಲಿನ ಹೆದ್ದಾರಿ ಬದಿಯಲ್ಲಿ ಕಾಫಿಪುಡಿ ಅಂಗಡಿಯೊಂದನ್ನು ತೆರೆಯುವವರಿದ್ದರು. ಅದನ್ನು ನೋಡಿಕೊಳ್ಳುವ ಕೆಲಸದ ಮೇಲೆ ನನಗೆ ಕಣ್ಣು. ಮಾವನಿಗೆ ನನ್ನ ಮೇಲೆ ಅನುಮಾನ. “ಗಿರಾಕಿ ಮುಂದೆ ಕೋತಿ ಕುಣ್ದಂಗ್ ಕುಣಿಯೋನಿಗೆ ಅಂಗಡಿ ಬೀಗದ್ ಕೈ ಕೊಡಾದ್ ಹೆಂಗ್ಲಾ? ದಿಲ್ಲಿ ಕಾಫಿ ಮೇಳಕ್ಕೆ ನನ್ ಜೊತೆ ಬಾ. ಹೋಗ್ ಬರಗಂಟ ಮನ್ಷನಂಗ್ ಇದ್ರೆ ಅಂಗಡಿ ನಿಂದು. ಇಲ್ದಿದ್ರೆ ಬ್ಯಾರೆಯೋರ್ನ ನೋಡ್ಕೊತೀನಿ” ಎಂದು ಕರಾರು ಹಾಕಿದರು. ನಾನು ಆವತ್ತಿನಿಂದ ಪೂಜೆಗೆ ಕೂತ ಭಟ್ಟರಂತೆ ಗಂಭೀರನಾದೆ.

ಆ ವಿಮಾನ ನಿಲ್ದಾಣದ ಹೆಸರು ಹೇಳುವುದಿಲ್ಲ. ಎಲ್ಲವೂ ಈಗ ಒಂದೇ ಥರ ಆಗುತ್ತಿವೆಯಂತೆ. ಹಿಂದೆ ಅಲ್ಲಿ ಮನುಷ್ಯರು ಕೆಲಸ ಮಾಡುತ್ತಿದ್ದರು. ಈಗ ದುಡ್ಡು ಕೊಟ್ಟು ಬಂದ ನಾವೇ ಮಾಡಬೇಕು. ಯಂತ್ರದ ಮುಂದೆ ನಿಂತು ಚೀಟಿ ಹೊರಡಿಸಬೇಕಾದವರು ನಾವು. ಪೆಟ್ಟಿಗೆಯ ಹಿಡಿಗೆ ಅಂಟುಪಟ್ಟಿ ಸುತ್ತಬೇಕಾದವರು ನಾವು. ಪೆಟ್ಟಿಗೆಯನ್ನೆತ್ತಿ ಓಡುವ ಬೆಲ್ಟಿನ ಮೇಲಿಟ್ಟು, ತೂಕ ಜಾಸ್ತಿಯಾಗಿದ್ದರೆ ಯಂತ್ರದಿಂದ ಬೈಸಿಕೊಳ್ಳಬೇಕಾದವರೂ ನಾವೇ. ಇನ್ನೂ ಸ್ವಲ್ಪ ವರ್ಷ ಹೋದರೆ ವಿಮಾನವನ್ನು ಹಿಂದಿನಿಂದ ತಳ್ಳಲು ಹೇಳುತ್ತಾರೆ, ಬೇಕಾದರೆ ನೋಡಿ. ಎಲ್ಲಕ್ಕಿಂತ ದೊಡ್ಡ ಅನ್ಯಾಯವೆಂದರೆ, ಇದು ನಿಶ್ಶಬ್ದ ನಿಲ್ದಾಣ, ಇಲ್ಲಿ ಘೋಷಣೆ ಇರುವುದಿಲ್ಲ ಎಂದು ಗೋಡೆಯ ಮೇಲೆ ಬರೆದಿದ್ದರು. “ಪ್ರಯಾಣಿಕರೇ, ದಯವಿಟ್ಟು ಗಮನಿಸಿ” ಎಂಬ ಆ ಹೆಣ್ಣುದನಿಯನ್ನು ತೆಗೆದೇಬಿಟ್ಟಿದ್ದಾರೆ! ನಮ್ಮ ಕಡೆಯ ಎಷ್ಟು ಬೀಗರೂಟದಲ್ಲಿ ನಾನು ಆ ದನಿಯಿಂದ ಮರ್ಯಾದೆ ಸಂಪಾದಿಸಿದ್ದೆ! ಒಬ್ಬ ಕಲಾವಿದನ ಹೊಟ್ಟೆಯ ಮೇಲೆ ಹೀಗೆ ಹೊಡೆಯಬಹುದೇ?

ಒಳಹೋಗುವಲ್ಲಿ ಎರಡು ದಾರಿ. ಒಂದರಲ್ಲಿ ಪಹರೆಯವರು ಟಿಕೆಟ್ಟು, ಗುರುತಿನ ಚೀಟಿ ನೋಡಿ ಬಿಡುತ್ತಾರೆ. ಇನ್ನೊಂದರಲ್ಲಿ ಕ್ಯಾಮೆರಾದ ಮುಂದೆ ನಿಂತರೆ ಗಾಜಿನ ಬಾಗಿಲು ತಾನಾಗಿ ತೆಗೆದುಕೊಳ್ಳುತ್ತದೆ. ಅದಕ್ಕಾಗಿ ಮನೆಯಲ್ಲೇ ಫೋನಿನಲ್ಲಿ ಮುಖ ದಾಖಲಿಸಿರಬೇಕು. ಗುಂಡಿ ಒತ್ತುವ ಫೋನಿನ ಮಾವ ಮೊದಲ ದಾರಿಯಲ್ಲಿ ನಿಂತರು. ನಾನು ಆಧುನಿಕ. “ನಿಮಗಿಂತ ಮುಂಚೆ ಒಳಗಿರ್ತೀನಿ ಮಾವ” ಎಂದು ಬೀಗಿ ಎರಡನೆಯದಕ್ಕೆ ಹೋದೆ.

ಬಾಗಿಲು ತೆಗೆಯಲಿಲ್ಲ. ಕೂದಲು ಸರಿಮಾಡಿಕೊಂಡು ನಿಂತೆ. ಕೆಂಪು ದೀಪ. ಕನ್ನಡಕ ತೆಗೆದೆ. ಕೆಂಪು ದೀಪ. ನಕ್ಕೆ, ಅಳುವಂತೆ ನಿಂತೆ, ಕಡೆಗೆ “ನಾನೇ ಕಣಪ್ಪಾ” ಎಂದು ಕೈ ಮುಗಿದೆ. ಅಷ್ಟರಲ್ಲಿ ಮಾವ ಒಳಗೆ ಹೋಗಿ ಗಾಜಿನ ಆಚೆ, ನನಗೆ ಎದುರಾಗಿ, ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಮಾವ ಹೋದ ಸಾಲಿಗೇ ಹೋಗೋಣವೆಂದರೆ ಯಾವುದೋ ಯಾತ್ರೆಯ ತಂಡ ಬಂದು ಬಾಗಿಲ ಹೊರಗಿನವರೆಗೆ ನಿಂತಿತ್ತು. ವಿಮಾನಕ್ಕೆ ಹೊತ್ತಾಗುತ್ತಿತ್ತು.

ಸಮವಸ್ತ್ರದ ಹುಡುಗಿಯೊಬ್ಬಳು ಬಂದು, “ದಾಖಲಿಸಿದ ಫೋಟೋ ತೋರಿಸಿ ಸಾರ್” ಎಂದಳು. ಫೋನು ತೆಗೆದೆ. ತೆಗೆದವನೇ ಅದನ್ನು ಗಾಜಿನ ಆಚೆಯ ಮಾವನಿಗೆ ಕಾಣದಂತೆ ತಿರುಗಿಸಿ ಹಿಡಿದೆ.

ನಡೆದದ್ದು ಇಷ್ಟು. ಮಾವನ ಮನೆಯ ಅಡುಗೆಕೋಣೆಯಲ್ಲಿ ಕೂತು ಮುಖ ದಾಖಲಿಸುತ್ತಿದ್ದೆ. ಕಣದಲ್ಲಿ ಒಣಗಲು ಹಾಕಿದ ಕಾಫಿ ಹದಕ್ಕೆ ಬಂದಿದೆಯೇ ಎಂದು ನೋಡಲು ಮಾವ ಒಂದು ಬೀಜವನ್ನು ದವಡೆಗಿಟ್ಟು ಕಚ್ಚುತ್ತಾರೆ. ಆಗ ಒಂದು ಕಣ್ಣು ಮುಚ್ಚುತ್ತದೆ, ಗದ್ದ ಪಕ್ಕಕ್ಕೆ ಜಾರುತ್ತದೆ, ಹುಬ್ಬು ಹಣೆಯ ಮೇಲಕ್ಕೆ ಓಡುತ್ತದೆ. ಬೀಜ ಏನೋ ಗುಟ್ಟು ಹೇಳುತ್ತಿದೆ, ಇವರು ಕಿವಿಗೊಟ್ಟಿದ್ದಾರೆ ಅನ್ನಬೇಕು. “ಆ ಮುಖ ಒಂದ್ಸಲ ಮಾಡೋ, ನಿಮ್ಮಾವ ತ್ವಾಟಕ್ ಹೋಗವ್ರೆ” ಎಂದು ಅತ್ತೆ ರಾಗ ಎಳೆದರು. ಮಾಡಿದೆ. ಅತ್ತೆ ಸೌಟು ಬಿಟ್ಟು ನಕ್ಕರು. ಅದೇ ಗಳಿಗೆಗೆ ಫೋನು ತಾನಾಗಿ ಕ್ಲಿಕ್ಕೆಂದು ಹಸಿರು ಗುರುತು ತೋರಿಸಿತು. ನನಗೆ ಅದರ ಮೇಲೆ ಸಿಟ್ಟಿರುವುದು ಇದಕ್ಕೇ. ಎರಡು ಕಣ್ಣಿರುವ ಮನುಷ್ಯ ಒಂದನ್ನು ಯಾಕೆ ಮುಚ್ಚಿದ್ದಾನೆಂದು ಕೇಳುವ ಬುದ್ಧಿ ಆವತ್ತು ಎಲ್ಲಿ ಹೋಗಿತ್ತು?

ಹುಡುಗಿ ಫೋಟೋ ನೋಡಿ ತುಟಿ ಕಚ್ಚಿಕೊಂಡಳು. “ಹಿಂಗೇ ಮಾಡಿ ನೋಡಿ ಸಾರ್.”

“ಇಲ್ಲೇನಾ?”

“ಬಾಗಿಲು ಇಲ್ಲೇ ಇರೋದಲ್ವಾ ಸಾರ್?”

ಎದುರಿಗೆ ಮಾವ. ಮಾಡಿದರೆ ಅಂಗಡಿ ಹೋಗುತ್ತದೆ, ಮಾಡದಿದ್ದರೆ ವಿಮಾನ ಹೋಗುತ್ತದೆ. ವಿಮಾನ ಹೋದರೆ ಅಂಗಡಿಯೂ ಹೋಗುತ್ತದೆ. ಕಣ್ಣು ಮುಚ್ಚಿದೆ, ಗದ್ದ ಜಾರಿಸಿದೆ, ಹುಬ್ಬು ಹಾರಿಸಿದೆ. ಗಾಜಿನ ಬಾಗಿಲು ದೊರೆಗೆ ದಾರಿ ಬಿಟ್ಟಂತೆ ಸರಾಗವಾಗಿ ತೆರೆದುಕೊಂಡಿತು. ಆಚೆ ನಿಂತ ಮಾವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವರು ಸುಮ್ಮನೆ ತಿರುಗಿ ನಡೆದರು.

ವಿಮಾನಕ್ಕೆ ಕಾಯುವ ಕುರ್ಚಿಗಳಲ್ಲಿ ಅಕ್ಕಪಕ್ಕ ಕೂತೆವು.

“ಅದು ನನ್ ಮುಖ ಅಲ್ವೇನ್ಲಾ?”

“ಯಂತ್ರ ಕೇಳ್ತು ಮಾವ.”

“ಯಂತ್ರಕ್ಕೆ ನನ್ ಮುಖದ್ ಪರಿಚಯ ಮಾಡ್ಕೊಟ್ಟೋರ್ಯಾರು?”

ನಾನು ಬೂಟಿನ ದಾರ ನೋಡಿದೆ.

“ನಿಮ್ಮತ್ತೆ ನಕ್ಳಾ?”

“ಸೌಟು ಬಿದ್ದೋಯ್ತು ಮಾವ.”

ಮಾವ ನನ್ನತ್ತ ತಿರುಗಿದರು. “ಚೆನ್ನಾಗಿಲ್ಲ ಕಣ್ಲಾ. ನಾನ್ ಮುಚ್ಚಾದು ಎಡಗಣ್ಣು. ನೀನ್ ಬಲಗಣ್ ಮುಚ್ದೆ. ಗದ್ದ ಅಷ್ಟೊಂದ್ ಸೊಟ್ಟ ಆಗಕಿಲ್ಲ. ಇದ್ನೇ ಊರ್ ತುಂಬ ಮಾಡ್ಕೊಂಡ್ ತಿರುಗ್ತಿದ್ಯಾ?”

ಅಂಗಡಿ ಹೋದರೆ ಹೋಗಲಿ, ಈ ಮಾತು ಮಾತ್ರ ಎದೆಗೆ ನಾಟಿತು. ನನ್ನ ಕಸುಬಿಗೆ ಹೆಸರಿಡುವುದೆಂದರೆ! “ಮಾವ, ಯಂತ್ರನೇ ಒಪ್ಪೈತೆ” ಎಂದೆ.

“ಯಂತ್ರಕ್ಕೇನ್ ಗೊತ್ತು. ಮಾಡಾದು ಅಂದ್ರೆ ಹಿಂಗೆ, ನೋಡ್ಕೊ” ಎಂದು ಮಾವ ಎದ್ದರು. ಪಂಚೆ ಸರಿಮಾಡಿಕೊಂಡು, ಒಂದು ಕಂಬದ ಮುಂದೆ ನಿಂತರು. ಕೂದಲು ನೇವರಿಸಿಕೊಂಡರು. ಹಲ್ಲು ಬಿಟ್ಟರು. ಕುತ್ತಿಗೆ ಕೊಂಕಿಸಿ, ಹಸಿದ ನಾಯಿಯಂತೆ ಕಂಬವನ್ನು ನೋಡಿ, “ನಾನೇ ಕಣಪ್ಪಾ” ಎಂದು ಕೈ ಮುಗಿದರು. ಎದುರು ಸಾಲಿನಲ್ಲಿ ಕೂತಿದ್ದ ಕನ್ನಡ ಬಾರದವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಾವ ಗಂಭೀರವಾಗಿ ಬಂದು ಕೂತರು. “ಅಂಗಡಿ ಗಲ್ಲಾದಲ್ ನೀನೇ ಕೂತ್ಕೊ. ಗಿರಾಕಿ ನಗ್ಸಕ್ಕೆ ನಾನ್ ಆಗಾಗ ಬತ್ತೀನಿ” ಎಂದರು.

ನಾನು ಹಾಗೆಲ್ಲ ಹಲ್ಲು ಬಿಡುವುದಿಲ್ಲ, ನನ್ನ ಕುತ್ತಿಗೆ ಅಷ್ಟು ಉದ್ದವಿಲ್ಲ, ಇದು ಶುದ್ಧ ಅಪಪ್ರಚಾರ ಎಂದು ಹೇಳಲು ಬಾಯಿ ತೆರೆದೆ. ಆ ಬಾಯಿ ತೆರೆದದ್ದನ್ನೂ ಮಾವ ಮಾಡಿ ತೋರಿಸಿದರು.