ಆಟದೊಳಗಿನ ಮುದುಕಿ ಚಾ ತರಲಿಲ್ಲ

ಸಂತೋಷವಾದರೆ ಜನ ನಗುತ್ತಾರೆ, ಸಕ್ಕರೆ ಹಂಚುತ್ತಾರೆ. ನನ್ನ ಮೈಗುಣ ಬೇರೆ. ನನಗೆ ಸಂತೋಷವಾದರೆ ಮೊದಲು ಅಂಗೈ ಬೆವರುತ್ತದೆ, ಆಮೇಲೆ ಹೊಟ್ಟೆಯಲ್ಲಿ ತಳಮಳ ಏಳುತ್ತದೆ. ದೇವಾಪುರದ ನಮ್ಮ ಹೊಲಕ್ಕೆ ಮೊಟ್ಟಮೊದಲು ಕಾಲುವೆ ನೀರು ಬಂದ ದಿನ ಊರವರೆಲ್ಲ ಅದರಲ್ಲಿ ಇಳಿದು ಕುಣಿಯುತ್ತಿದ್ದರು. ನಾನು ದಂಡೆಯ ಮೇಲೆ ನಿಂತು, ಇದು ತಿರುಗಿ ಹೋದರೆ ಏನು ಗತಿ ಎಂದು ಯೋಚಿಸುತ್ತಿದ್ದೆ. ಮರುದಿನ ಎದ್ದವನೇ ಮುಖ ಸಹ ತೊಳೆಯದೆ ಹೋಗಿ, ನೀರು ಅಲ್ಲೇ ಇದೆಯೇ ಎಂದು ನೋಡಿ ಬಂದೆ. ಇತ್ತು. ಆದರೂ ಆ ವಾರವೆಲ್ಲ ದಿನಾ ಹೋಗಿ ನೋಡಿದೆ. ನನ್ನ ಹೆಂಡತಿ ಗೌರಮ್ಮ ಆಗಲೇ ಹೇಳಿದ್ದಳು: "ನಿಮಗ ಸ್ವರ್ಗ ಸಿಕ್ರೂ, ಬಾಗಲಾ ಗಟ್ಟಿ ಐತೋ ಇಲ್ಲೋ ಅಂತ ತಟ್ಟಿ ನೋಡಿನೇ ಒಳಗ ಹೋಗ್ತೀರಿ."

ಈಗ ಈ ವಯಸ್ಸಿನಲ್ಲಿ ನನ್ನ ಹೊಟ್ಟೆ ತಳಮಳಿಸುವುದು ಮೊಮ್ಮಗಳು ಭಾಗ್ಯಳ ದೆಸೆಯಿಂದ. ಡಿಗ್ರಿ ಮುಗಿಸಿ ಸುರಪುರದ ಒಂದು ಶಾಲೆಯ ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ. ನಮ್ಮ ಮನೆಯೂ ಸುರಪುರದಲ್ಲೇ. ಮಗ ಶರಣಪ್ಪ ಗೊಬ್ಬರ, ಬೀಜದ ಅಂಗಡಿ ಇಟ್ಟಮೇಲೆ ಇಲ್ಲಿಗೆ ಬಂದೆವು. ಭಾಗ್ಯ ಸಂಜೆ ಮನೆಗೆ ಬಂದು ಕೈಕಾಲು ತೊಳೆದವಳೇ ಕಂಪ್ಯೂಟರಿನ ಮುಂದೆ ಕೂತು ಆಟ ತಯಾರು ಮಾಡುತ್ತಾಳೆ. ಆಡುವುದಲ್ಲ, ತಯಾರು ಮಾಡುವುದು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಆಟವೆಂದರೆ ಗೋಲಿ, ಚಿಣಿಕೋಲು. ಅವನ್ನು ಯಾರೂ ತಯಾರು ಮಾಡಿದ್ದು ನನಗೆ ಗೊತ್ತಿಲ್ಲ. ಇವಳ ಆಟದಲ್ಲಿ ಒಂದು ಊರಿರುತ್ತದೆ, ಮನೆಗಳಿರುತ್ತವೆ, ಒಬ್ಬ ಹುಡುಗಿ ಇರುತ್ತಾಳೆ. ಪರದೆಯ ಮೇಲೆ ಎಲ್ಲಿ ಒತ್ತುತ್ತೇವೋ ಅಲ್ಲಿಗೆ ಆ ಹುಡುಗಿ ನಡೆದು ಹೋಗುತ್ತಾಳೆ, ಎದುರಿಗೆ ಬಂದವರನ್ನು ಮಾತಾಡಿಸುತ್ತಾಳೆ, ಸಿಕ್ಕ ಸಾಮಾನನ್ನು ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಹಾಗೆ ಹುಡುಕುತ್ತ ಹುಡುಕುತ್ತ ಒಂದು ತೊಡಕು ಬಿಡಿಸಬೇಕು. ಅದನ್ನು ಬಿಡಿಸಿದರೆ ಆಟ ಮುಗಿಯಿತು.

ಇಂಥ ಆಟಗಳಿಗೆ ತಿಂಗಳಿಗೊಂದು ಸ್ಪರ್ಧೆ ಇದೆಯಂತೆ. ತಿಂಗಳ ಮೊದಲಿಗೆ ಯಾವುದೋ ದೂರದ ದೇಶದವರು ಒಂದು ವಿಷಯ ಹೇಳುತ್ತಾರೆ. ಹವ್ಯಾಸಕ್ಕೆ ಆಟ ಮಾಡುವವರು ಎಲ್ಲೆಲ್ಲಿಂದಲೋ, ತಮ್ಮ ತಮ್ಮ ನೌಕರಿ ಬದುಕು ಮುಗಿಸಿಕೊಂಡು, ತಿಂಗಳು ಮುಗಿಯುವುದರೊಳಗೆ ಅದರ ಮೇಲೊಂದು ಸಣ್ಣ ಆಟ ಕಟ್ಟಿ ಕಳಿಸಬೇಕು.

"ಗೆದ್ದವ್ರಿಗೆ ಏನ್ ಕೊಡ್ತಾರವ್ವಾ?" ಎಂದು ಕೇಳಿದೆ.

"ಮುಂದಿನ ತಿಂಗಳದ ವಿಷಯ ಏನಿರಬೇಕು ಅಂತ ಹೇಳೂ ಹಕ್ಕು ಕೊಡ್ತಾರ, ಮುತ್ಯಾ."

"ಅಷ್ಟಽಽ?"

"ಅಷ್ಟ. ಸಾಲದೇನು?"

ನಾನು ಯೋಚಿಸಿದೆ. ಪಂಚಾಯತಿ ಮೆಂಬರನಿಗೂ ಮುಂದಿನ ತಿಂಗಳು ಏನಾಗಬೇಕು ಎಂದು ಹೇಳುವ ಹಕ್ಕು ಇಲ್ಲ. ಸಾಕು ಎಂದೆ. ಅಂದಿನಿಂದ ನನ್ನ ಅಂಗೈ ಬೆವರತೊಡಗಿತು.

ಭಾಗ್ಯಳ ಜೊತೆಗಾತಿ ಯಾಸ್ಮೀನ್, ಶಹಾಪುರದವಳು. ಕಾಲೇಜಿನಲ್ಲಿ ಇವರಿಬ್ಬರದೂ ಒಂದೇ ಬೆಂಚು. ತಾಯಿಯ ಜೊತೆ ಟೇಲರಿಂಗ್ ಅಂಗಡಿ ನಡೆಸುತ್ತಾಳೆ. ಗಿರಾಕಿ ಇಲ್ಲದಾಗ ಮೊಬೈಲಿನ ಮೇಲೆ ಬೆರಳಿನಿಂದಲೇ ಆಟದ ಚಿತ್ರ ಬರೆಯುತ್ತಾಳೆ. ರವಿವಾರ ಬಸ್ಸು ಹತ್ತಿ ಬರುತ್ತಾಳೆ. ಅವಳು ಬರೆದ ಮನೆಗಳನ್ನು ನೋಡಿದರೆ ನಮ್ಮ ಕಡೆಯ ಹಾಸುಗಲ್ಲಿನ ಮಾಳಿಗೆ ಮನೆಗಳೇ. ಗೋಡೆಗೆ ಗೂಡು, ಗೂಡಿನಲ್ಲಿ ದೀಪ. ಒಮ್ಮೆ ನಾನು ಆಟದ ಹುಡುಗಿಯನ್ನು ಒಂದು ಮನೆಯೊಳಗೆ ನಡೆಸಬೇಕಾಗಿತ್ತು. ಅವಳ ಕಾಲಲ್ಲಿ ಚಪ್ಪಲಿ ಇತ್ತು. ಹೊಸ್ತಿಲ ಬಳಿ ನಿಲ್ಲಿಸಿ ಚಪ್ಪಲಿಯ ಮೇಲೆ ಒತ್ತಿಯೇ ಒತ್ತಿದೆ, ಅವಳು ಬಿಚ್ಚಲಿಲ್ಲ. ನಾನೂ ಒಳಗೆ ಹೋಗಲಿಲ್ಲ. ಕಡೆಗೆ ಯಾಸ್ಮೀನ್ ಹೊಸ್ತಿಲ ಹೊರಗೆ ಒಂದು ಜೋಡು ಚಪ್ಪಲಿ ಬರೆದು, ಒಳಗೆ ಹುಡುಗಿಯನ್ನು ಬರಿಗಾಲಲ್ಲಿ ಬಿಟ್ಟಳು. "ಈಗ ಹೋಗ್ರಿ ಮುತ್ಯಾ, ಈಗರೆ ಹೋಗ್ರಿ" ಎಂದಳು.

ನಾನು ಯಾಕೆ ಒತ್ತುತ್ತಿದ್ದೆ ಎಂದರೆ, ಆಟ ಸರಿಯಾಗಿದೆಯೇ ಎಂದು ಮೊದಲು ಆಡಿ ನೋಡುವ ಕೆಲಸ ನನಗೇ ವಹಿಸಿದ್ದರು. ಈ ಗೌರವ ಯಾಕೆ ಬಂತೆಂದು ಕೇಳಿದ್ದಕ್ಕೆ ಭಾಗ್ಯ ನನ್ನ ಕೈ ಹಿಡಿದು ಪ್ರೀತಿಯಿಂದ ಹೇಳಿದಳು: "ನಿನಗ ತಿಳೀತು ಅಂದ್ರ ಯಾರಿಗರೆ ತಿಳೀತದ ಮುತ್ಯಾ." ನಾನು ಇದನ್ನು ಓಣಿಯಲ್ಲಿ ನಾಲ್ಕು ಜನಕ್ಕೆ ಹೇಳಿಕೊಂಡು ಬಂದೆ. ಐದನೆಯವನು ನಕ್ಕಮೇಲೆ ಹೇಳುವುದು ಬಿಟ್ಟೆ.

ಇಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಆದರೆ ಹಿಂದಿನ ಎರಡು ತಿಂಗಳೂ ಇವರ ಆಟ ಹೊತ್ತಿಗೆ ಮುಗಿಯಲಿಲ್ಲ. ಒಂದು ಸಲ ಯಾಸ್ಮೀನಳಿಗೆ ಮದುವೆ ಹಂಗಾಮಿನ ಬಟ್ಟೆ, ಇನ್ನೊಂದು ಸಲ ಭಾಗ್ಯಳಿಗೆ ಶಾಲೆಯ ಪರೀಕ್ಷೆ ಕೆಲಸ. ಆ ಕಂಪ್ಯೂಟರ್ ಶರಣಪ್ಪ ಅಂಗಡಿಗೆಂದು ತಂದದ್ದು. ಅವನು ಸಿಟ್ಟು ಮಾಡುವವನಲ್ಲ; ಅದಕ್ಕೇ ಅವನು ಹೇಳಿದ ಮಾತಿಗೆ ತಿರುಗಿ ಮಾತಿಲ್ಲ. ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದ: "ನೋಡವಾ, ಮಾಡಬ್ಯಾಡ ಅನ್ನಂಗಿಲ್ಲ. ಮಾಡಿದ್ದು ಒಂದರೆ ಮುಗಿಸಿ ಕಳಿಸು. ಈ ತಿಂಗಳೂ ಹೋಗಲಿಲ್ಲಂದ್ರ ಕಂಪ್ಯೂಟರ್ ಅಂಗಡಿಗೆ ಒಯ್ತೀನಿ." ಭಾಗ್ಯ ರೊಟ್ಟಿ ಮುರಿಯುತ್ತ "ಆಗಲಿ ಅಪ್ಪಾ" ಎಂದಳು. ರೊಟ್ಟಿ ಮುರಿದಳು, ಬಾಯಿಗೆ ಇಡಲಿಲ್ಲ. ಅದು ನನಗೆ ಕಂಡಿತು.

ಈ ತಿಂಗಳ ವಿಷಯ "ಕೀಲಿ" ಎಂದು ಬಂತು. ಇಬ್ಬರೂ ಕೂತು ಕಥೆ ಹೊಸೆದರು. ಕಾಲುವೆಯ ತುದಿಯಲ್ಲಿ ಒಂದು ಹೊಲ. ಮೇಲಿನವರಿಗೆ ನೀರು ಸಿಗುತ್ತದೆ, ತುದಿಗೆ ಬರುವುದಿಲ್ಲ. ಇವತ್ತು ತುದಿಯವರ ಪಾಳಿ. ಆದರೆ ಗೇಟಿಗೆ ಕೀಲಿ, ಅಂದರೆ ಬೀಗ, ಬಿದ್ದಿದೆ, ಚಾವಿ ಕಳೆದಿದೆ. ಆ ಹೊಲದ ಹುಡುಗಿ ಮನೆಮನೆಗೆ ತಿರುಗಿ ಚಾವಿ ಹುಡುಕಿ ಗೇಟು ತೆಗೆಯಬೇಕು. ಪಾಳಿ ಕಾಯ್ದವನಿಗೇ ಗೊತ್ತು ಅದರ ಸಂಕಟ.

ಕಳಿಸುವ ಕಡೆಯ ದಿನ ರವಿವಾರ. ನಮ್ಮ ಗಡಿಯಾರದಲ್ಲಿ ಸಂಜೆ ಐದೂವರೆಗೆ ಗಡುವು. ಯಾಸ್ಮೀನ್ ಮೊದಲ ಬಸ್ಸಿಗೇ ಬಂದಳು. ಬೆಳಗಿನ ಹೊತ್ತಿಗೆ ಆಟ ತಯಾರಾಗಿತ್ತು. "ಮುತ್ಯಾ, ಒಂದು ಸಲ ಪೂರಾ ಆಡಿಬಿಡು. ಕಳಿಸೇಬಿಡ್ತೀವಿ" ಎಂದು ನನ್ನನ್ನು ಕೂರಿಸಿ, ಇಬ್ಬರೂ ಅಡುಗೆಮನೆಗೆ ಗೌರಮ್ಮನ ಹತ್ತಿರ ಹೋದರು. ನಾನು ಅಂಗೈ ಧೋತರಕ್ಕೆ ಒರೆಸಿಕೊಂಡು ಶುರು ಮಾಡಿದೆ. ಮೊದಲಿನ ಮನೆಗಳು ದಾಟಿದವು. ಕಡೆಯ ಮನೆ ಒಬ್ಬ ಮುದುಕಿಯದು. ಹುಡುಗಿ ಚಾವಿಯ ಮಾತು ತೆಗೆದಳು. ಮುದುಕಿಯ ತಲೆಯ ಮೇಲೆ ಅಕ್ಷರ ಮೂಡಿದವು: "ಬಾರವಾ, ಕುಂದ್ರು. ಚಾ ಮಾಡ್ಕೊಂಡು ಬರ್ತೀನಿ." ಹೇಳಿ ಒಳಗೆ ಹೋದಳು.

ನಾನು ಕೈ ಕಟ್ಟಿ ಕೂತೆ. ಎಷ್ಟೋ ಹೊತ್ತಾಯಿತು. ಒಲೆ ಹೊತ್ತಿರಲಿಕ್ಕಿಲ್ಲ ಎಂದುಕೊಂಡೆ. ಇನ್ನೂ ಸ್ವಲ್ಪ ಹೊತ್ತು ಕಳೆಯಿತು. ಹಾಲು ತರಲು ಹೋಗಿರಬೇಕು. ಕಡೆಗೆ ಚಿಂತೆ ಶುರುವಾಯಿತು. ವಯಸ್ಸಾದ ಹೆಂಗಸು, ಒಬ್ಬಳೇ ಇರುತ್ತಾಳೆ, ಒಳಗೆ ಏನಾದರೂ ಆಯಿತೋ ಏನೋ. ನಾನು ಕೂಗಿದೆ: "ಭಾಗ್ಯಾ, ಇದು ಮುಂದ ಹೋಗವಲ್ದು."

ಅಡುಗೆಮನೆಯಲ್ಲಿ ಒಂದು ಬಟ್ಟಲು ಬಿದ್ದ ಸದ್ದಾಯಿತು. ಭಾಗ್ಯ ಓಡಿ ಬಂದಳು. "ಏನ್ ಒತ್ತಿದಿ?"

"ಏನೂ ಒತ್ತಿಲ್ಲ."

"ಖರೇ ಹೇಳು ಮುತ್ಯಾ, ಬೈಯಂಗಿಲ್ಲ."

"ಖರೇ ಹೇಳಾಕತ್ತೀನಿ. ಏನೂ ಒತ್ತಿಲ್ಲ."

ಅವಳು ತಾನೇ ಕೂತು ಪಟಪಟನೆ ಏನೋ ಒತ್ತಿದಳು. ಆಟ ಓಡಿತು, ಗೇಟು ತೆರೆಯಿತು. ಮತ್ತೆ ನನ್ನನ್ನು ಕೂರಿಸಿ, ತಾನು ಮೊಬೈಲಿಗೆ ನೆಟ್ಟು ಸಿಗುತ್ತದೆಯೇ ಎಂದು ನೋಡಲು ಹೊರಗೆ ಹೋದಳು. ಮತ್ತೆ ಮುದುಕಿ ಒಳಗೆ ಹೋದಳು, ಮತ್ತೆ ನಿಂತಿತು. "ನಾ ಕುಂತ್ರ ಓಡ್ತದ, ಮುತ್ಯಾ ಕುಂತ್ರ ನಿಲ್ತದ" ಎಂದು ಭಾಗ್ಯ ಯಾಸ್ಮೀನಳ ಮುಖ ನೋಡಿದಳು. ಯಾಸ್ಮೀನ್ ನನ್ನ ಮುಖ ನೋಡಿದಳು. ನಾನು ನನ್ನ ಬೆರಳು ನೋಡಿಕೊಂಡೆ.

ಆಮೇಲಿನ ಹೊತ್ತು ನೆನೆದರೆ ಈಗಲೂ ಬಾಯಿ ಒಣಗುತ್ತದೆ. ಭಾಗ್ಯ ಆಟವನ್ನು ಬಿಚ್ಚಿ ದೋಷ ಹುಡುಕತೊಡಗಿದಳು. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ಹುಡುಗಿ ಗೋಡೆಯೊಳಗಿಂದ ನಡೆದು ಹೋದಳು. ಗೇಟು ಚಾವಿ ಇಲ್ಲದೆ ತೆರೆಯಿತು. ಒಂದು ಎಮ್ಮೆ ಮಾಳಿಗೆಯ ಮೇಲೆ ನಿಂತಿತು. ಗೌರಮ್ಮ ಊಟಕ್ಕೆ ಕರೆದರೆ ಯಾರೂ ಏಳಲಿಲ್ಲ. ಶರಣಪ್ಪ ಅಂದು ತಡವಾಗಿ, ನಾಲ್ಕು ದಾಟಿದಮೇಲೆ ಅಂಗಡಿಯಿಂದ ಊಟಕ್ಕೆ ಬಂದವನು ಬಾಗಿಲಲ್ಲಿ ನಿಂತು ನೋಡಿದ. ಕಂಪ್ಯೂಟರಿನ ವೈರು ಎಲ್ಲೆಲ್ಲಿ ಸಿಕ್ಕಿಸಿದೆ ಎಂದು ಅವನ ಕಣ್ಣು ನೋಡುತ್ತಿದೆಯೇನೋ ಎಂದು ನನಗೆ ಅನಿಸಿತು. ನನ್ನ ಬೆರಳಿನಿಂದ ಹುಡುಗಿಯ ಆಟ ಹಾಳಾಯಿತಲ್ಲ ಎಂದು ಗೋಡೆಗೆ ಒರಗಿ ಕೂತೆ.

ಆಗ ಯಾಸ್ಮೀನ್ ಭಾಗ್ಯಳಿಗೆ, "ಮುಂಜಾನಿ ಕಾಪಿ ಐತಿಲ್ಲ, ಅದನ್ನ ಹಚ್ಚು" ಎಂದಳು. ತಿದ್ದುವುದಕ್ಕೆ ಮುಂಚಿನ ಆಟ ಬೇರೆ ಕಡೆ ಉಳಿಸಿಟ್ಟಿದ್ದರು. ಅದನ್ನು ತೆರೆದು ನನ್ನನ್ನು ಕೂರಿಸಿ, ಈ ಸಲ ಯಾಸ್ಮೀನ್ ತಾನೂ ಪಕ್ಕದಲ್ಲೇ ಕೂತಳು. ಮುದುಕಿ ಒಳಗೆ ಹೋದಳು. ನಾನು ಕೈ ಕಟ್ಟಿದೆ.

"ಒತ್ರಿ ಮುತ್ಯಾ."

"ತಡಿಯವಾ. ಅಕಿ ಬರಲಿ."

"ಯಾರು?"

"ಚಾ ತರ್ತೀನಿ ಅಂದು ಒಳಗ ಹೋಗ್ಯಾಳಲ್ಲ."

ಯಾಸ್ಮೀನ್ ತನ್ನ ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡಳು. ಆಮೇಲೆ ಬಹಳ ಮೃದುವಾಗಿ ಹೇಳಿದಳು: "ಅಕಿ ಬರಂಗಿಲ್ರಿ. ಅಕಿ ಒಳಗ ಹೋಗಿದ್ದು ಜಾಗಾ ಖಾಲಿ ಆಗ್ಲಿ ಅಂತ. ಚಾವಿ ಆ ಗೂಡಿನಾಗ ಐತ್ರಿ. ಅಕಿ ಒಳಗ ಇದ್ದಾಗ ನೀವು ತಗೋಬೇಕು."

"ಚಾ ಮಾಡಾಕ ಹೋದಾಕಿ ಮನಿ ಗೂಡಿಗೆ ನಾ ಕೈ ಹಾಕಬೇಕೇನು?"

"ಆಟ ರಿ ಮುತ್ಯಾ ಇದು. ಇಂಥಾ ಆಟದಾಗ ಕಂಡದ್ದೆಲ್ಲಾ ತಗೋಬೇಕು."

"ಆಟ ನಿಮ್ಮದಿರಬಹುದು. ಮನಿ ಅಕಿದು."

ಭಾಗ್ಯ ತಲೆಯನ್ನು ಮೇಜಿನ ಮೇಲೆ ಇಟ್ಟಳು. ಅಳುತ್ತಾಳೇನೋ ಎಂದು ನನ್ನ ಜೀವ ಹೋಯಿತು. ಭುಜ ಅಲುಗುತ್ತಿದ್ದವು, ನಗುತ್ತಿದ್ದಳು. ದೋಷ ಆಟದಲ್ಲಿರಲಿಲ್ಲ, ಕುರ್ಚಿಯಲ್ಲಿ ಕೂತಿತ್ತು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಂದ ಗೌರಮ್ಮ, "ಅವ್ರು ಅನ್ನೂದು ಖರೇನ ಐತಿ. ಚಾ ತರ್ತೀನಿ ಅಂದಾಕಿ ಎಲ್ಲಿ ಹೋದಳು? ಸುರಪುರದಾಗ ಹಂಗ ಮಾಡಿದ್ರ ಮುಂದ ಅಕಿ ಮನಿಗೆ ಯಾರರೆ ಹೋಗ್ತಾರೇನು?" ಎಂದಳು.

ಭಾಗ್ಯ ತಲೆ ಎತ್ತಿದಳು. ಗಡಿಯಾರ ನೋಡಿದಳು. ನನ್ನನ್ನು ನೋಡಿದಳು. "ಯಾಸ್ಮೀನ್, ಒಂದು ಕಪ್ಪು ಬಸಿ ಬರೀತಿಯೇನು? ಲಗೂ."

"ಅವ್ವಾ, ಬ್ಯಾಡ. ಹ್ಯಾಂಗೈತೋ ಹಂಗ ಕಳಿಸಿಬಿಡು" ಎಂದು ನಾನು ಅಂಗಲಾಚಿದೆ. ನನ್ನ ಒಂದು ಕಪ್ಪು ಚಹಾದ ಸಲುವಾಗಿ ಮೊಮ್ಮಗಳ ಕಂಪ್ಯೂಟರ್ ಹೋಗುವುದು ಯಾವ ನ್ಯಾಯ? ಶರಣಪ್ಪನೂ ಅಂದ: "ಹೊತ್ತಿಲ್ಲ, ಕಳಿಸು." ಅವಳು ಕೇಳಲಿಲ್ಲ. ಯಾಸ್ಮೀನ್ ಕಪ್ಪು ಬರೆದಳು, ಹಬೆ ಬರೆದಳು. ಕರೆಂಟು ಹೋಯಿತು. ಕಂಪ್ಯೂಟರಿನ ಕೆಳಗಿನ ಬ್ಯಾಟರಿ ಪೆಟ್ಟಿಗೆ ಕುಂಯ್ ಕುಂಯ್ ಎಂದು ಕೂಗತೊಡಗಿತು. ಅದು ಹೆಚ್ಚು ಹೊತ್ತು ತಡೆಯುವುದಿಲ್ಲವೆಂದು ನನಗೂ ಗೊತ್ತಿತ್ತು. ಶರಣಪ್ಪ ಊಟದ ಕೈಯಲ್ಲೇ ಬಂದು, ತನ್ನ ಮೊಬೈಲಿನ ನೆಟ್ಟು ಚಾಲೂ ಮಾಡಿ ಮೇಜಿನ ಮೇಲಿಟ್ಟ. ಭಾಗ್ಯ ಬೆರಳು ಆಡಿಸುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಂಡೆ. ಗಡುವು ಇನ್ನೇನು ಮುಗಿಯುತ್ತದೆ ಎನ್ನುವಾಗ "ಹೋತು" ಎಂದಳು. ಬ್ಯಾಟರಿಯೂ ಸುಮ್ಮನಾಯಿತು, ಪರದೆ ಕಪ್ಪಾಯಿತು. ನಾನು, "ಹೋತು ಅಂದದ್ದು ಆಟಾನೋ, ಬ್ಯಾಟರಿನೋ?" ಎಂದು ಕೇಳಿದೆ. ಎರಡೂ ಎಂದಳು.

ಕರೆಂಟು ಬಂದಮೇಲೆ ಶರಣಪ್ಪ ಕುರ್ಚಿ ಎಳೆದುಕೊಂಡು ತಾನೇ ಆಡಿದ. ಗಿರಾಕಿ ಸಂಚಿ ತೆರೆಯುವುದು ಸ್ವಲ್ಪ ತಡವಾದರೂ ಚಡಪಡಿಸುವ ಮನುಷ್ಯ, ಮುದುಕಿ ಒಳಗೆ ಹೋದಮೇಲೆ ಕೈ ಕಟ್ಟಿ ಕೂತ. ಮುದುಕಿ ಕಪ್ಪು ಹಿಡಿದು ಹೊರಗೆ ಬಂದಳು. "ತಗೋವಾ, ಚಾ ಕುಡಿ. ಚಾವಿನೂ ಒಯ್ಯಿ" ಎಂದಳು. ಶರಣಪ್ಪ ಎದ್ದು, "ಕಂಪ್ಯೂಟರ್ ಇಲ್ಲೇ ಇರಲಿ" ಎಂದು ಅಂಗಡಿಗೆ ಹೋದ. ಮನೆಯಲ್ಲಿದ್ದ ಸಕ್ಕರೆ ಡಬ್ಬಿ ಹಿಡಿದು ಓಣಿಗೆಲ್ಲ ಹಂಚಿ ಬಂದೆ, ಐದನೆಯವನಿಗೂ ಕೊಟ್ಟೆ.

ಸ್ಪರ್ಧೆ ಗೆಲ್ಲಲಿಲ್ಲ. ಗೆಲ್ಲದಿದ್ದರೂ ಆಡಿದವರು ಒಂದೆರಡು ಮಾತು ಬರೆದಿದ್ದರು; ಭಾಗ್ಯ ಓದಿ ಅರ್ಥ ಹೇಳಿದಳು. ಚಿತ್ರ ಚೆನ್ನಾಗಿವೆ, ಆಟ ಸುಲಭ, ಚಾವಿ ಗೂಡಿನಲ್ಲೇ ಸಿಕ್ಕಿತು. ಭಾಗ್ಯ ಗೂಡಿನ ಚಾವಿಯನ್ನು ಮೊದಲಿನಂತೆಯೇ ಬಿಟ್ಟಿದ್ದಳು; ಎಲ್ಲರೂ ಗೂಡಿಗೇ ಕೈ ಹಾಕಿದ್ದರು. ಯಾರೂ ಚಹಾಕ್ಕೆ ಕೂತಿರಲಿಲ್ಲ. ಅಲ್ಲಿ ಒಳಗೆ ಮುದುಕಿ ಪ್ರತಿ ಸಲವೂ ಚಹಾ ಸೋಸಿಕೊಂಡು ಹೊರಗೆ ಬಂದು ಖಾಲಿ ಜಾಗ ನೋಡುತ್ತಾಳಲ್ಲ ಎಂದು ನನಗೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಒಬ್ಬ ತಾಯಿ ಬರೆದಿದ್ದಳಂತೆ: ಆಡುತ್ತಿದ್ದಾಗ ಕೂಸು ಅತ್ತಿತು, ಎದ್ದು ಹೋದೆ, ಮಲಗಿಸಿ ಬಂದು ನೋಡಿದರೆ ಒಬ್ಬ ಅಜ್ಜಿ ನನಗೆಂದು ಚಹಾ ಹಿಡಿದು ನಿಂತಿದ್ದಾಳೆ, ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಭಾಗ್ಯ ಇದನ್ನು ಎರಡು ಸಲ ಓದಿ ಹೇಳಿದಳು. ನಾನು ಎದ್ದು ಅಂಗಳಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಈಗ ಹೊಸ ತಿಂಗಳು, ಹೊಸ ವಿಷಯ. ಆಟ ಆಡಿ ನೋಡುವ ಕೆಲಸ ನನಗೇ ಉಳಿದಿದೆ. ಆದರೆ ಇವರು ನನ್ನನ್ನು ತಿದ್ದಬೇಕೆಂದು ಬೇರೆ ಬೇರೆ ಜನರು ಮಾಡಿದ ಆಟಗಳನ್ನು ಆಡಿಸುತ್ತಿದ್ದಾರೆ. ಯಾವ ಮನೆಗೆ ಹೋದರೂ ಕಪಾಟು ತೆಗೆಯಿರಿ, ಹಾಸಿಗೆ ಎತ್ತಿ ನೋಡಿರಿ, ಸಿಕ್ಕದ್ದು ಚೀಲಕ್ಕೆ ಹಾಕಿರಿ. ಮೊದಮೊದಲು ಬೆರಳು ಹಿಂದೆ ತೆಗೆಯುತ್ತಿದ್ದೆ, ಈಗ ರೂಢಿಯಾಗಿದೆ. ಮೊನ್ನೆ ದೇವಾಪುರಕ್ಕೆ ಹೋಗಿದ್ದೆ. ನನ್ನ ಹಳೆಯ ಗೆಳೆಯ ಸಾಬಣ್ಣ ಕಟ್ಟೆಯ ಮೇಲೆ ಕಂಬಳಿ ಹಾಸಿ, "ಕುಂದ್ರಪಾ, ಚಾ ಹೇಳಿ ಬರ್ತೀನಿ" ಎಂದು ಒಳಗೆ ಹೋದ. ನಾನು ಕೈ ಕಟ್ಟಿ ಕೂತೆ. ಕೂತೆ ಎಂದು ನಾನು ತಿಳಿದಿದ್ದೆ. ಸಾಬಣ್ಣ ಹೊರಗೆ ಬಂದಾಗ ನಾನು ಗೋಡೆಯ ಗೂಡಿನ ಮುಂದೆ ನಿಂತಿದ್ದೆ, ನನ್ನ ಕೈಯಲ್ಲಿ ಅವನ ಅಡಕೊತ್ತು ಇತ್ತು.

"ಅಡಿಕಿ ಬೇಕಿತ್ತೇನು?" ಎಂದ.

ಹೌದು ಎಂದೆ. ನಾನು ಅಡಿಕೆ ತಿನ್ನುವುದಿಲ್ಲ. ಅಂದು ತಿಂದೆ.