ಉದುರಿದ ‘ದ’

ಮೂವತ್ತು ವರ್ಷ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸಿದ ಗಂಡಸಿಗೆ ಉಂಗುರದಲ್ಲಿ ಮೂರಕ್ಷರ ಜೋಡಿಸುವುದು ಯಾವ ಮಹಾಕಾರ್ಯ! ಮದುವೆಯ ಮೂವತ್ತನೆಯ ವರ್ಷದ ದಿನ ಹೆಂಡತಿಯ ಕಣ್ಣಲ್ಲಿ ಆನಂದಬಾಷ್ಪ ತರಿಸಿಯೇ ಸಿದ್ಧ ಎಂದು ಮೊಳೆರಾಯರು ಕನ್ನಡಿಯ ಮುಂದೆ ಶಪಥ ಮಾಡಿದರು.

ಉಪಾಯ ಸುಲಭ. ಕಲ್ಲುಗಳ ಮೊದಲಕ್ಷರ ಕೂಡಿಸಿ ಓದಬೇಕು. ನೀಲಕ್ಕೆ ‘ನೀ’, ಚಂದ್ರಕಾಂತಕ್ಕೆ ‘ಚಂ’. ‘ದ’ಕ್ಕೆ ಮಾತ್ರ ಕಲ್ಲೇ ಇಲ್ಲವೆಂದು ಅಕ್ಕಸಾಲಿ ಕೈಚೆಲ್ಲಿದ. ರಾಯರು ಬಿಡುವರೇ? ಅಜ್ಜಿಯ ಮುರುಕು ದಂತದ ಬಾಚಣಿಗೆಯಿಂದ ಒಂದು ಹಲ್ಲು ಕಿತ್ತು ಕೊಟ್ಟರು. ದಂತದ ಸೊನ್ನೆ ಬಿಟ್ಟರೆ ‘ದ’ ತಾನೇ! ನೀ ಚಂದ! ಮೂವತ್ತು ವರ್ಷ ಬಾಯಿಗೆ ಬಾರದ ಮಾತು ಬೆರಳಿಗೇರಲು ಸಿದ್ಧವಾಯಿತು.

ಇನ್ನಷ್ಟು ಹೊಳೆಯಲಿ ಎಂದು ಬಚ್ಚಲ ತೊಟ್ಟಿಯಲ್ಲಿ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ್ದೇ ಎಡವಟ್ಟಾಯಿತು. ಕನ್ನಡಕವಿಲ್ಲದ ಕಣ್ಣಿಗೆ ಏನು ಉದುರಿದರೇನು!

"ಕಲ್ಲುಗಳ ಮೊದಲಕ್ಷರ ಓದು. ನನ್ನ ಮನಸ್ಸಲ್ಲಿರೋದು ಸಿಗುತ್ತೆ!" ಎಂದು ಎದೆಯುಬ್ಬಿಸಿ ಕೊಟ್ಟರು. ಮನೆಗೆ ಬಂದಿದ್ದ ಹೆಂಡತಿಯ ಅಕ್ಕ ಊರಿಗೆ ಹೊರಟಿದ್ದವಳು, ಅವಳೂ ಬಗ್ಗಿ ನೋಡಿದಳು.

"ನೀಲ... ನೀ. ಇದು ಚಂದ್ರಕಾಂತ... ಚಂ. ನೀಚಂ..." ಹೆಂಡತಿ ಓದಿದಳು.

"ನೀಚ ಅಂತ ಬರೆಸಿದ್ದಾರೆ ಕಣೇ! ಇಷ್ಟು ವರ್ಷ ಬೇಯಿಸಿ ಹಾಕಿದ್ದಕ್ಕೆ ಬಿರುದು!" ಎಂದಳು ಅಕ್ಕ.

"ಅಯ್ಯೋ, ಇನ್ನೊಂದಕ್ಷರ ಇದೆ!"

"ಇನ್ನೂ ಬೈಗುಳ ಬಾಕಿ ಇದೆಯಾ?" ಹೆಂಡತಿ ಉಂಗುರ ಕಳಚಿ ಮೇಜಿನ ಮೇಲೆ ಕುಕ್ಕಿದಳು. ಚೀಲಕ್ಕೆ ಸೀರೆ ತುರುಕಿದಳು. "ತಾಳಕ್ಕಾ, ನಾನೂ ಬರ್ತೀನಿ."

ರಾಯರು ಉಂಗುರವನ್ನು ಕಣ್ಣಿಗೆ ಹತ್ತಿರ ಹಿಡಿದರೆ ‘ದ’ ಇದ್ದ ಗುಂಡಿ ಖಾಲಿ! ಬಚ್ಚಲಿಗೆ ಓಡಿ ತೊಟ್ಟಿಯ ಕೆಳಗಿನ ಕೊಳವೆ ಬಿಚ್ಚಿದರು. ತಲೆಯಿಂದ ಕಾಲಿನವರೆಗೆ ಕೊಚ್ಚೆಯ ಮಂಗಳಸ್ನಾನ! ಕೊನೆಗೆ ಅಂಗೈಯಲ್ಲಿ ಬಿಳಿಯ ಚೂರೊಂದನ್ನು ಹಿಡಿದು ತೊಟ್ಟಿಕ್ಕುತ್ತಾ ಬಂದರು.

"ಇಗೋ, ದಂತ! ಇದರ ‘ದ’ ಸೇರಿಸಿ ಓದೇ!"

ಹೆಂಡತಿ ಮನಸ್ಸಲ್ಲೇ ಓದಿಕೊಂಡಳು. ಮುಖ ಅರಳಿತು. ಚೀಲ ಮಾತ್ರ ಕೆಳಗಿಳಿಯಲಿಲ್ಲ.

"ಕಲ್ಲು ಹೇಳಿದ್ದಾಯ್ತು. ಈಗ ನೀವು ಬಾಯಿಬಿಟ್ಟು ಹೇಳಿ. ಇಲ್ಲಾಂದ್ರೆ ನಾನು ಹೊರಟೆ."

ರಾಯರು ಗಂಟಲು ಸರಿಮಾಡಿಕೊಂಡರು. ಅತ್ತಿಗೆಯ ಕಡೆ ನೋಡಿದರು. ಕಿವಿ ಬಿಸಿಯಾಯಿತು.

"ನೀ..."

"ಹೂಂ, ಆಮೇಲೆ?"

"ನೀ ಚಂ... ಚಂ..."

ನಾಲಿಗೆ ಅಲ್ಲಿಂದ ಮುಂದಕ್ಕೆ ಕದಲಲಿಲ್ಲ.

ಹೆಂಡತಿ ನಿಟ್ಟುಸಿರು ಬಿಟ್ಟು ಚೀಲ ಕೆಳಗಿಟ್ಟಳು. "ನೀನು ಹೊರಡಕ್ಕಾ. ಎರಡಕ್ಷರಕ್ಕೆ ಮೂವತ್ತು ವರ್ಷ ಹಿಡೀತು. ಇನ್ನೊಂದು ಬರೋವರೆಗೆ ನಾನು ಇಲ್ಲೇ ಕಾಯ್ತೀನಿ!"